ಶುಕ್ರನ ಕತ್ತಲ ಮಗ್ಗುಲು

ದೂರದರ್ಶಕವನ್ನು ಮಹಿಳಾ ಕಾಲೇಜಿಗೆ ಸಾಗಿಸಿದ ದಿನ ಅದನ್ನು ಕೊಂಡೊಯ್ಯಲು ಇಬ್ಬರು ಹುಡುಗಿಯರು ಬಂದಿದ್ದರು. ಇಬ್ಬರೂ ಹೊಸದಾಗಿ ಡೆಮಾನ್‌ಸ್ಟ್ರೇಟರ್ ಕೆಲಸಕ್ಕೆ ಸೇರಿದವರು. ಕೊಳವೆಗೆ ಗೋಣಿತಾಟು ಸುತ್ತುತ್ತಿದ್ದಾಗ ಒಬ್ಬಳು ಕೇಳಿದಳು: “ಇದರಲ್ಲಿ ಗ್ರಹಗಳ ಫೋಟೋ ತೆಗೆಯೋದು ಕಷ್ಟಾನಾ ಮೇಡಂ?”

“ಅಷ್ಟೇನಿಲ್ಲ” ಎಂದೆ.

ಲಾರಿ ಹೋದ ಮೇಲೆ ಆ ಉತ್ತರ ಸರಿಯಲ್ಲವೆನ್ನಿಸಿತು. ತೆಗೆಯುವುದು ನಿಜವಾಗಿ ಕಷ್ಟವಲ್ಲ, ಕೈಗೆ ಅಭ್ಯಾಸವಾಗುತ್ತದೆ. ತೆಗೆದದ್ದು ಏನೆಂದು ಹೇಳುವುದು ಮಾತ್ರ ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ. ಆ ಇಬ್ಬರು ಹುಡುಗಿಯರಿಗೆ ಅದನ್ನು ಹೇಳದೆ ಕಳಿಸಿದೆನಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಮೂವತ್ತು ದಾಟಿ ಸ್ವಲ್ಪ ಕಾಲವಾಗಿದೆಯಷ್ಟೆ. ಈ ವಯಸ್ಸಿಗೆ ನಿವೃತ್ತಿ ಎಂಬ ಮಾತು ಒಪ್ಪುವುದಿಲ್ಲ. ಆದರೆ ನಾನು ಮಾಡುತ್ತಿದ್ದ ಕೆಲಸ ಈ ಊರಿನಲ್ಲಿ ಮತ್ತೆಲ್ಲೂ ಇಲ್ಲ. ಅದು ಮುಗಿದಾಗ ನನ್ನ ಅಣ್ಣ ಮನೆಗೆ ಬಂದವರಿಗೆಲ್ಲ “ನಮ್ಮ ತಂಗಿ ರಿಟೈರ್ ಆದ್ಲು” ಎಂದು ಹೇಳತೊಡಗಿದ. ನಾನೂ ತಿದ್ದಲಿಲ್ಲ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ತಿಲಕ್ ನಗರದ ಅಣ್ಣನ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ಕಾಲದಲ್ಲಿ ನಮ್ಮ ಮೇಷ್ಟ್ರು ಕರೆ ಕಳಿಸಿದರು. ಅವರು ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ಪೆನ್ಷನ್ ಬಂದ ಮೇಲೆ ಜಯನಗರದಲ್ಲಿ ಮನೆ ಕಟ್ಟಿಸಿ, ಜಗಲಿಯ ಮೇಲೆ ಕುಳಿತು ತಾವೇ ಗಾಜು ಉಜ್ಜಿ ಕನ್ನಡಿ ಮಾಡಿ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಬಾವಿಗೂ ನಡುವೆ ಸಿಮೆಂಟಿನ ಕಂಬ ಎಬ್ಬಿಸಿ ದೂರದರ್ಶಕ ನಿಲ್ಲಿಸಿದ್ದರು. ದೆಹಲಿಯ ಒಂದು ಸಂಸ್ಥೆ ಅವರಿಗೆ ಸಣ್ಣ ಅನುದಾನ ಕೊಟ್ಟಿತ್ತು. ಫೋಟೋ ಪ್ಲೇಟುಗಳಿಗೆ, ರಾಸಾಯನಿಕಗಳಿಗೆ ಮತ್ತು ಒಬ್ಬ ಸಹಾಯಕರಿಗೆ. ಆ ಸಹಾಯಕಿ ನಾನು.

“ಕತ್ತಲಲ್ಲಿ ಕೆಲಸ ಮಾಡೋಕೆ ಭಯವಾ?” ಎಂದು ಮೊದಲ ದಿನ ಕೇಳಿದರು.

“ಇಲ್ಲ ಸಾರ್.”

“ಗೊತ್ತಾಗ್ತಾ ಇಲ್ಲ ಅಂತ ಒಪ್ಪಿಕೊಳ್ಳೋಕೆ?”

ಅದಕ್ಕೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಅವರು ಅದನ್ನೇ ಉತ್ತರವೆಂದು ತೆಗೆದುಕೊಂಡರು.

ಕೆಲಸ ಇಷ್ಟು. ಕಣ್ಣಿಗೆ ಕಾಣುವ ಕೆಂಪಿನ ಆಚೆಗೆ ಇನ್ನೊಂದು ಬೆಳಕಿದೆ. ಪುಸ್ತಕದಲ್ಲಿ ಅವಗೆಂಪು ಎನ್ನುತ್ತಾರೆ, ನಾವು ಇನ್‌ಫ್ರಾರೆಡ್ ಎಂದೇ ಹೇಳುತ್ತಿದ್ದೆವು. ಅದನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ನೋಡುವುದಕ್ಕೆ ಬರೀ ಕಪ್ಪು ಗಾಜು. ಆ ಗಾಜಿನ ಹಿಂದೆ, ಆ ಬೆಳಕಿಗೆ ಸ್ಪಂದಿಸುವ, ಫಿಲ್ಮಿನಂತೆ ಲೇಪವಿರುವ ಗಾಜಿನ ಪ್ಲೇಟು ಇಟ್ಟು ಗ್ರಹಗಳ ಚಿತ್ರ ತೆಗೆಯಬೇಕು. ಮಂಗಳ ಮತ್ತು ಗುರು ಇದ್ದ ಕಾಲದಲ್ಲಿ ಸಂಜೆಯ ಮೇಲೆ ಅವುಗಳನ್ನೂ ತೆಗೆಯುತ್ತಿದ್ದೆವು. ಆದರೆ ಮೇಷ್ಟ್ರ ಮನಸ್ಸು ಶುಕ್ರನ ಮೇಲಿತ್ತು, ಶುಕ್ರನನ್ನು ನಾವು ಹಗಲಿನಲ್ಲೇ ತೆಗೆಯುತ್ತಿದ್ದೆವು.

ಇದನ್ನು ಕೇಳಿದವರು ಯಾರೂ ಮೊದಲು ನಂಬುವುದಿಲ್ಲ. ಕತ್ತಲಾಗುವ ಹೊತ್ತಿಗೆ ಶುಕ್ರ ಕೆಳಗಿಳಿದಿರುತ್ತದೆ, ನೆಲದ ಕಾವಿನ ಗಾಳಿಯಲ್ಲಿ ನಡುಗುತ್ತಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದು ನೆತ್ತಿಯ ಹತ್ತಿರ ಇರುತ್ತದೆ, ಆದರೆ ನೀಲಿಯಲ್ಲಿ ಮುಳುಗಿರುತ್ತದೆ. ಕಪ್ಪು ಗಾಜು ನೀಲಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಪ್ಲೇಟಿನ ಮಟ್ಟಿಗೆ ಆಕಾಶ ಕಪ್ಪಾಗುತ್ತದೆ, ಶುಕ್ರ ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಬಿದಿಗೆ ಚಂದ್ರನಂತೆ ಎದ್ದು ನಿಲ್ಲುತ್ತದೆ. ಮೊದಲು ಬರಿಗಾಜಿನಲ್ಲಿ ಗ್ರಹವನ್ನು ಹುಡುಕಿ ಹಿಡಿಯಬೇಕು. ಆಮೇಲೆ ಫಿಲ್ಟರ್ ಹಾಕಬೇಕು. ಹಾಕಿದ ಕೂಡಲೇ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಅದು ಅಲ್ಲೇ ಇದೆಯೆಂದು ನಂಬಿಕೊಂಡು ಮುಚ್ಚಳ ತೆಗೆಯಬೇಕು. ಇನ್ನೊಂದು ಮಾತು. ಪ್ಲೇಟಿನಲ್ಲಿ ಎಲ್ಲವೂ ತಿರುವುಮುರುವು, ಬೆಳಕಿದ್ದಲ್ಲಿ ಕಪ್ಪು, ಕಪ್ಪಿದ್ದಲ್ಲಿ ಬೆಳಕು. ಇಲ್ಲಿ ಗೊಂದಲವಾಗದಿರಲೆಂದು ಕಾಗದದ ಮೇಲೆ ಪ್ರಿಂಟ್ ಹಾಕಿದಾಗ ಕಾಣುವಂತೆಯೇ ಹೇಳುತ್ತೇನೆ.

ಪ್ಲೇಟುಗಳು ಹಡಗಿನಲ್ಲಿ ಬರಬೇಕು, ಬಂದ ಮೇಲೆ ತಣ್ಣಗಿರಬೇಕು. ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಚೀಲದಲ್ಲಿ ನಾನೇ ತರುತ್ತಿದ್ದೆ. ಮನೆ ಮುಟ್ಟುವಷ್ಟರಲ್ಲಿ ಸೀರೆಯ ನೆರಿಗೆ ಒದ್ದೆ. ಬಳಸುವ ದಿನ ಪ್ಲೇಟನ್ನು ಅಮೋನಿಯಾ ಬೆರೆಸಿದ ತಣ್ಣೀರಿನಲ್ಲಿ ಅದ್ದಿ ಒಣಗಿಸಿದರೆ ಅದರ ಸೂಕ್ಷ್ಮತೆ ಹೆಚ್ಚುತ್ತದೆ. ಮೇಷ್ಟ್ರ ಹೆಂಡತಿ ಸೀತಮ್ಮನವರು ಸೆರಗನ್ನು ಮೂಗಿಗೆ ಹಿಡಿದು, “ಅಡುಗೆಮನೆವರೆಗೂ ಕೊಟ್ಟಿಗೆ ವಾಸನೆ ಕಣೇ. ನಿಮ್ಮ ಶುಕ್ರನಿಗೆ ಬೇರೆ ಸ್ನಾನ ಒಗ್ಗಲ್ವೇನು?” ಎನ್ನುತ್ತಿದ್ದರು.

ಕತ್ತಲೆಕೋಣೆಯಾಗಿ ನಮಗೆ ಸಿಕ್ಕಿದ್ದು ಅವರ ಬಚ್ಚಲುಮನೆ. ನಮ್ಮ ಮೊದಲ ಕಗ್ಗಂಟು ಅಲ್ಲೇ ಶುರುವಾಯಿತು. ಸಾಮಾನ್ಯ ಪ್ಲೇಟುಗಳಿಗೆ ಕೆಂಪು ದೀಪ ಹಾಕಿಕೊಳ್ಳಬಹುದು, ಇವಕ್ಕೆ ಅದೂ ಆಗದು. ಕಿಟಕಿಗೆ ತಗಡು ಹೊಡೆದು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೈ ಮುಂದೆ ಹಿಡಿದರೆ ಕೈ ಕಾಣದಷ್ಟು ಕತ್ತಲು ಮಾಡಿಕೊಂಡು ತೊಳೆಯುತ್ತಿದ್ದೆ. ಆದರೂ ಪ್ರತಿ ಪ್ಲೇಟಿನ ಎಡಮೂಲೆಯಲ್ಲಿ ಮಂಜು ಕವಿದಂತೆ ಮಸುಕು.

ಪ್ಲೇಟು ಕಳಿಸಿದವರ ಮೇಲೆ ಅನುಮಾನಪಟ್ಟೆವು. ಮಂಜುಗಡ್ಡೆಯ ಮೇಲೆ, ಅಮೋನಿಯಾದ ಮೇಲೆ, ನನ್ನ ಬೆವರಿದ ಬೆರಳುಗಳ ಮೇಲೆ ಪಟ್ಟೆವು. “ನಡುವೆ ಬಾಗಿಲು ತೆಗೆದೆಯಾ?” ಎಂದು ಮೇಷ್ಟ್ರು ದಿನವೂ ಕೇಳುತ್ತಿದ್ದರು. ಅಷ್ಟರಲ್ಲಿ ಸೀತಮ್ಮನವರು ತಂಗಿಯ ಮನೆಗೆಂದು ಮೈಸೂರಿಗೆ ಹೋದರು. ಪ್ಲೇಟುಗಳು ನೀರಿನಷ್ಟು ತಿಳಿಯಾಗಿ ಬಂದವು. ಅವರು ಹಿಂತಿರುಗಿದರು, ಮಸುಕೂ ಹಿಂತಿರುಗಿತು.

“ನೀನು ಮನೇಲಿದ್ರೆ ಪ್ಲೇಟು ಕೆಡುತ್ತೆ ಅಂತ ಪ್ರಯೋಗದಿಂದ ಸಿದ್ಧವಾಯ್ತಲ್ಲೇ” ಎಂದರು ಮೇಷ್ಟ್ರು, ಊಟಕ್ಕೆ ಕುಳಿತಾಗ.

“ಸಂತೋಷ. ನಾಳೆ ಬೆಳಗಿನ ರೈಲಿಗೇ ವಾಪಸ್ ಹೋಗ್ತೀನಿ. ಸಾರಿಗೆ ನೀವೂ ನಿಮ್ಮ ಶಿಷ್ಯೆಯೂ ಒಗ್ಗರಣೆ ಹಾಕ್ಕೊಳ್ಳಿ.”

ಆ ವಾರ ಬಚ್ಚಲಿನ ಕತ್ತಲಲ್ಲಿ ನಿಂತಿದ್ದಾಗ ನನ್ನ ಎಡಗೆನ್ನೆ ಬೆಚ್ಚಗಿರುವುದು ಗಮನಕ್ಕೆ ಬಂತು. ಎಡಗಡೆ ಇದ್ದದ್ದು ಹಂಡೆಯ ಒಲೆ. ಸಂಜೆಗೂ ನೀರು ಬಿಸಿಯಿರಲೆಂದು ಸೀತಮ್ಮನವರು ಬೆಳಗಿನ ಕೆಂಡವನ್ನು ಬೂದಿ ಮುಚ್ಚಿ ಬಿಡುತ್ತಿದ್ದರು. ಕಣ್ಣಿಗೆ ಅದು ಸತ್ತ ಒಲೆ, ಒಂದು ಕಿಡಿಯೂ ಇಲ್ಲ. ಪ್ಲೇಟಿಗೆ ಅದು ದೀಪ. ಅವರು ಊರಿನಲ್ಲಿಲ್ಲದಾಗ ಮೇಷ್ಟ್ರು ತಣ್ಣೀರು ಸ್ನಾನ ಮಾಡುತ್ತಿದ್ದರು, ಒಲೆ ಹೊತ್ತುತ್ತಲೇ ಇರಲಿಲ್ಲ. ಅಂದಿನಿಂದ ನಾನು ಒಳಗೆ ಹೋಗುವ ಮೊದಲು ಒಲೆಗೆ ನೀರು ಹಾಕುವುದು ಕೆಲಸದ ಒಂದು ಭಾಗವಾಯಿತು.

ಕಣ್ಣಿಗೆ ಕತ್ತಲಾಗಿರುವುದು ಪ್ಲೇಟಿಗೂ ಕತ್ತಲಾಗಿರಬೇಕಿಲ್ಲ ಎಂಬ ಪಾಠ ಅಲ್ಲಿಗೇ ಮುಗಿಯಬೇಕಿತ್ತು. ನಾವು ಕಲಿತದ್ದು ಒಲೆಗೆ ನೀರು ಹಾಕಬೇಕು ಎಂಬುದನ್ನು ಮಾತ್ರ.

ಪಕ್ಕದಲ್ಲಿ ಮುನಿಯಪ್ಪನವರ ಮನೆ. ಬಡಾವಣೆ ಎದ್ದಿದ್ದೇ ಅವರ ಮತ್ತು ಅವರ ದಾಯಾದಿಗಳ ಹೊಲಗಳ ಮೇಲೆ. ಹಳೆಯ ಹಳ್ಳಿಯ ಮನೆ, ನಾಲ್ಕು ಎಮ್ಮೆ, ಒಂದು ದೊಡ್ಡ ಮಾವಿನ ಮರ ಉಳಿದಿದ್ದವು. ಮರದ ಅರ್ಧ ನೆರಳು ನಮ್ಮ ಹಿತ್ತಲಿಗೆ ಬೀಳುತ್ತಿತ್ತು. ಪಶ್ಚಿಮಕ್ಕೆ ಇಳಿಯುವ ಸೂರ್ಯನನ್ನು ಆ ಮರ ಮರೆಮಾಡುತ್ತಿದ್ದುದರಿಂದಲೇ ಮೇಷ್ಟ್ರು ಕಂಬವನ್ನು ಅಲ್ಲಿ ಕಟ್ಟಿಸಿದ್ದು. ನೆರಳಿನಲ್ಲಿ ದೂರದರ್ಶಕ, ಮರದ ಮೇಲಕ್ಕೆ ತೆರೆದ ಆಕಾಶದಲ್ಲಿ ಶುಕ್ರ. ಇದಕ್ಕಿಂತ ಅನುಕೂಲ ಬೇಡವೆಂದುಕೊಂಡಿದ್ದೆವು.

ಹೊಸ ಪೆಟ್ಟಿಗೆ ಬಂದಾಗ ಮೊದಲು ಒಂದು ಪ್ಲೇಟನ್ನು ಪರೀಕ್ಷೆಗೆಂದು ಸುತ್ತಲಿನ ದೃಶ್ಯದ ಮೇಲೆ ಖರ್ಚು ಮಾಡುವುದು ರೂಢಿ. ಹಾಗೆ ಒಮ್ಮೆ ತಾರಸಿಯಿಂದ ತೆಗೆದ ಚಿತ್ರ ಜಗಲಿಯ ಮೇಲೆ ಒಣಗುತ್ತಿತ್ತು. ಮುನಿಯಪ್ಪನವರು ಹಾಲಿನ ಲೆಕ್ಕ ಹೇಳಲು ಬಂದವರು ಅದನ್ನು ನೋಡಿ ನಿಂತುಬಿಟ್ಟರು. ಆಕಾಶ ಕರಿ. ಅದರ ಕೆಳಗೆ ಅವರ ಮರ ಬುಡದಿಂದ ತುದಿಯವರೆಗೆ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ.

“ಏನ್ ಮೇಷ್ಟ್ರೇ ಇದು? ನಮ್ ಮರಕ್ಕೆ ಸುಣ್ಣ ಬಳದಂಗೈತೆ.”

“ಅದು ಇನ್‌ಫ್ರಾರೆಡ್ ಮುನಿಯಪ್ಪ. ಹಸಿರು ಎಲೆ ಆ ಬೆಳಕನ್ನ ಇಟ್ಟುಕೊಳ್ಳಲ್ಲ, ಹೊರಕ್ಕೆ ಕಳಿಸಿಬಿಡುತ್ತೆ. ಅದಕ್ಕೇ ಬಿಳಿ.”

ಮುನಿಯಪ್ಪ ಚಿತ್ರದ ಮೇಲೆ ಇನ್ನಷ್ಟು ಬಗ್ಗಿದರು. “ನಮ್ ಮರ ಹೊರಕ್ ಕಳ್ಸೋದನ್ನ ನೀವ್ಯಾಕ್ ಇಸ್ಕಂತೀರಾ?”

ಆ ವರ್ಷ ಆ ಮರ ಹೂ ಬಿಡಲಿಲ್ಲ. ಬನಶಂಕರಿಯವರೆಗೆ ಅನೇಕ ಮರಗಳು ಬಿಡಲಿಲ್ಲವಂತೆ. ಆದರೆ ಬೇರೆ ಮರಗಳ ಬಿಳಿ ಫೋಟೋ ಯಾರೂ ತೆಗೆದಿರಲಿಲ್ಲ. ಮುನಿಯಪ್ಪನವರು ಜಗಳಕ್ಕೆ ಬರಲಿಲ್ಲ. ಕಾಂಪೌಂಡಿನ ಆಚೆಯಿಂದ ನನ್ನನ್ನು ಕರೆದು, “ಅವ್ವಾ, ನೀನು ಓದ್ದೋಳು. ದಿಟ ಹೇಳು, ಆ ಪೆಟ್ಟಿಗೆ ಹೀರ್ಕಂತದಾ?” ಎಂದು ಕೇಳಿದರು. ಇಲ್ಲವೆಂದೆ. “ನೀನು ಹೇಳಿದ್ರೆ ಸರಿ” ಎಂದು ಹೋದರು. ನಾನು ಹೇಳಿದ್ದು ನಿಜವೇ. ಆದರೂ ಮುಂದಿನ ವರ್ಷ ಮರ ಹೂ ಬಿಡುವವರೆಗೆ ನಾನು ಅದರ ಕಡೆ ಕ್ಯಾಮೆರಾ ತಿರುಗಿಸಲಿಲ್ಲ. ಏಕೆಂದು ನನಗೇ ಸರಿಯಾಗಿ ಗೊತ್ತಿಲ್ಲ.

ಇದರ ನಡುವೆ ಶುಕ್ರನ ಚಿತ್ರಗಳಲ್ಲಿ ಆ ಬೆಳಕು ಕಾಣಿಸಿಕೊಂಡಿತು.

ಬಿದಿಗೆ ಚಂದ್ರನ ಹಾಗೆ ಶುಕ್ರನಿಗೂ ಬೆಳಗಿದ ಅಂಚೊಂದು, ಉಳಿದದ್ದು ಕತ್ತಲ ಮಗ್ಗುಲು. ನಮ್ಮ ಪ್ಲೇಟುಗಳಲ್ಲಿ ಆ ಕತ್ತಲ ಮಗ್ಗುಲು ಪೂರ್ತಿ ಕತ್ತಲಾಗಿರಲಿಲ್ಲ. ಬೂದಿಬಣ್ಣದ ಬಹಳ ತೆಳುವಾದ ಹೊಳಪು, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಹಿಂದಿನ ಶತಮಾನಗಳ ವೀಕ್ಷಕರು ಇಂಥದ್ದನ್ನು ದೂರದರ್ಶಕಕ್ಕೆ ಕಣ್ಣಿಟ್ಟು ಕಂಡೆವೆಂದು ಹೇಳಿದ್ದರು, ಇನ್ನು ಕೆಲವರು ಇಲ್ಲವೆಂದಿದ್ದರು. ಫೋಟೋದಲ್ಲಿ ಯಾರೂ ಹಿಡಿದಂತೆ ನಮಗೆ ತಿಳಿದಿರಲಿಲ್ಲ.

ಮೇಷ್ಟ್ರು ಅಂದು ಕಾಫಿ ಕುಡಿಯುವುದನ್ನು ಮರೆತರು. ಮಾರನೆಯ ದಿನವೂ ಬಂತು. ಮೋಡವಿಲ್ಲದ ಪ್ರತಿ ಮಧ್ಯಾಹ್ನವೂ ಬಂತು. ಅವರು ಲೇಖನ ಬರೆಯಲು ಕುಳಿತರು. ಅನುದಾನದ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಸಂಸ್ಥೆಯ ಇಬ್ಬರು ಸದಸ್ಯರು ಬರುವವರಿದ್ದರು. ಈ ಬೆಳಕು ಒಂದಿದ್ದರೆ ಕೆಲಸ ಉಳಿಯುತ್ತದೆ, ನನ್ನ ಜಾಗವೂ ಉಳಿಯುತ್ತದೆ. ಇಲ್ಲದಿದ್ದರೆ ನಾನು ಅಣ್ಣನ ಮನೆಯ ನಡುಮನೆಗೆ ವಾಪಸ್. ಅಲ್ಲಿ ಅತ್ತಿಗೆ ಯಾರ ಯಾರ ಜಾತಕಗಳನ್ನೋ ತರಿಸಿ ಇಟ್ಟಿದ್ದರು. ಇದನ್ನು ನಾನು ಮೇಷ್ಟ್ರಿಗೆ ಎಂದೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ.

ನನಗೆ ಸಂದೇಹವಿತ್ತೇ? ಇತ್ತು. ಆದರೆ ಯಾವುದರ ಮೇಲೆ ಎಂದು ಹೇಳಲಾರದ ಸಂದೇಹ ಯಾರ ಕೆಲಸಕ್ಕೂ ಬರುವುದಿಲ್ಲ. ಬೆಳಕು ಚೆನ್ನಾಗಿಯೇ ಕಾಣುತ್ತಿತ್ತು. ಅಷ್ಟು ಚೆನ್ನಾಗಿ, ದಿನವೂ ಒಂದೇ ಸಮನೆ ಯಾಕೆ ಕಾಣಬೇಕು ಎಂಬುದಷ್ಟೇ ನನ್ನ ತೊಡಕು.

ಹೊಸ ಪೆಟ್ಟಿಗೆ ಬಂತು. ಪರೀಕ್ಷೆಯ ಪ್ಲೇಟನ್ನು ಈ ಸಲ ಮರದ ಮೇಲೆ ಬೇಡವೆಂದು ಮೇಷ್ಟ್ರನ್ನೇ ಕೂರಿಸಿದೆ. ಬರುವ ಸದಸ್ಯರಿಗೆ ಮರ್ಯಾದೆಯಾಗಿ ಕಾಣಲೆಂದು ಅವರು ತಮ್ಮ ಕರಿಯ ಕೋಟನ್ನು ಪೆಟ್ಟಿಗೆಯಿಂದ ತೆಗೆಸಿ ಬಿಸಿಲಿಗೆ ಹಾಕಿದ್ದರು. ಅದನ್ನೇ ತೊಟ್ಟು ಕುರ್ಚಿಯಲ್ಲಿ ಕುಳಿತರು. ಪ್ರಿಂಟ್ ಹಾಕಿ ತಂದಾಗ ಸೀತಮ್ಮನವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಇದ್ಯಾರೇ ಇದು, ಆಸ್ಪತ್ರೆ ಕಾಂಪೌಂಡರ್ ಥರ ಬಿಳೀ ಕೋಟು?”

ನಾನು ನಕ್ಕೆ. ಮೇಷ್ಟ್ರೂ ನಕ್ಕರು. ಆಮೇಲೆ ಸೀತಮ್ಮನವರು, “ಒಳ್ಳೇ ಬಟ್ಟೆ ಕಣೇ ಅದು. ಹೊಲಿಸಿದಾಗ ಮಿಕ್ಕಿದ್ದನ್ನ ಸುಮ್ಮನೆ ಬಿಸಾಕಬಾರದು ಅಂತಲೇ ಈ ದುರ್ಬೀನಿಗೆ ಒಳಗೆ ಹೊಲಿದು ಕೊಟ್ಟಿದ್ದು” ಎಂದರು.

ನಾವಿಬ್ಬರೂ ನಗು ನಿಲ್ಲಿಸಿದೆವು.

ದೂರದರ್ಶಕದ ಕೊಳವೆಯ ಒಳಗೆ ದಾರಿ ತಪ್ಪಿ ಬಂದ ಬೆಳಕು ತಟ್ಟಿ ಹಾರದಿರಲೆಂದು ಕಪ್ಪು ಹಾಕುವುದು ಎಲ್ಲರೂ ಮಾಡುವ ಕೆಲಸ. ನಮ್ಮದರಲ್ಲಿ ಆ ಕೋಟಿನ ಬಟ್ಟೆ. ಕೋಟು ಪ್ಲೇಟಿಗೆ ಬಿಳಿಯಾದರೆ ಕೊಳವೆಯ ಒಳಮೈಯೂ ಬಿಳಿ. ಬಣ್ಣದಲ್ಲಿ ಅದ್ದಿದ ಬಟ್ಟೆ ನಮ್ಮ ಕಣ್ಣಿಗಷ್ಟೇ ಕರಿ.

ಮೇಷ್ಟ್ರು ಕೋಟಿನ ತೋಳನ್ನು ಬೆರಳಿನಿಂದ ಉಜ್ಜಿ ನೋಡಿ ಹೇಳಿದರು: “ಆಗಲಿ. ಬಟ್ಟೆ ಬಿಳಿ. ಆದರೆ ಬೆಳಕು ಎಲ್ಲಿಂದ ಬಂತು? ನಾವು ನೆರಳಲ್ಲಿದ್ದೀವಿ.”

ನಾನು ಮಾವಿನ ಮರದ ಕಡೆ ನೋಡಿದೆ. ಅದರ ಬಿಳಿಯ ಚಿತ್ರ ಇನ್ನೂ ಅವರ ಮೇಜಿನ ಮೇಲೆಯೇ ಇತ್ತು. ಹಸಿರು ಎಲೆ ಆ ಬೆಳಕನ್ನು ಇಟ್ಟುಕೊಳ್ಳುವುದಿಲ್ಲವೆಂದು ಮುನಿಯಪ್ಪನವರಿಗೆ ವಿವರಿಸಿದವರು ಇವರೇ. ಎಲೆ ಅದನ್ನು ಹಿಂದಕ್ಕೂ ಕಳಿಸುತ್ತದೆ, ತನ್ನ ಮೂಲಕ ಮುಂದಕ್ಕೂ ಬಿಡುತ್ತದೆ. ನಾವು ನೆರಳೆಂದುಕೊಂಡು ನಿಂತಿದ್ದು ಪ್ಲೇಟಿನ ಮಟ್ಟಿಗೆ ಉರಿಯುವ ಪರದೆಯ ಕೆಳಗೆ.

“ಅದು ಕತ್ತಲ ಮಗ್ಗುಲಲ್ಲೇ ಯಾಕೆ ಬರುತ್ತೆ?” ಎಂದು ಮೇಷ್ಟ್ರು ಕೇಳಿದರು. ದನಿ ಗಟ್ಟಿಯಾಗಿರಲಿಲ್ಲ. “ಶುಕ್ರನ ಯಾವ ಮಗ್ಗುಲು ಕತ್ತಲು ಅಂತ ನನ್ನ ಕೋಟಿಗೆ ಗೊತ್ತಾ?”

“ಸೂರ್ಯ ಪಶ್ಚಿಮದಲ್ಲಿರುತ್ತೆ ಸಾರ್, ಮರವೂ ಪಶ್ಚಿಮದಲ್ಲಿದೆ. ಅಲ್ಲಿಂದ ಬಂದ ಬೆಳಕು ಕೊಳವೆಯ ಪೂರ್ವದ ಗೋಡೆಗೆ ಬೀಳುತ್ತೆ. ಶುಕ್ರ ಸಂಜೆ ಕಾಣೋ ಕಾಲದಲ್ಲಿ ಅದರ ಕತ್ತಲ ಮಗ್ಗುಲೂ ಪೂರ್ವಕ್ಕೇ ಇರುತ್ತೆ.”

ಇದನ್ನು ಹೇಳುತ್ತಿದ್ದಾಗಲೇ ನನ್ನ ಕೆಲಸಕ್ಕೆ ನಾನೇ ಮುಕ್ತಾಯ ಹೇಳುತ್ತಿದ್ದೇನೆಂದು ತಿಳಿದಿತ್ತು. ಹೇಳುವುದು ಬೇಡವೆಂದು ಅನ್ನಿಸಲಿಲ್ಲವೇ ಎಂದರೆ, ಅನ್ನಿಸಲು ಸಮಯ ಸಿಗಲಿಲ್ಲ. ಅವರು ಕೇಳಿದರು, ನನಗೆ ಗೊತ್ತಿತ್ತು, ಹೇಳಿದೆ.

ಮೇಷ್ಟ್ರು ಎದ್ದು ಹಿತ್ತಲಿಗೆ ಹೋದರು. ಕೋಟು ಬಿಚ್ಚಿ ಒಗೆಯುವ ಕಲ್ಲಿನ ಮೇಲಿಟ್ಟು, ಕೊಳವೆಯ ಬಾಯಿಗೆ ಕೈ ಹಾಕಿ ಬಟ್ಟೆಯನ್ನು ಹರಿದು ಎಳೆದರು. ಅಂಟು ಹಿಡಿದಿದ್ದ ಕಡೆ ಉಗುರಿನಿಂದ ಕೆರೆದರು. ನಾನು ಸಹಾಯಕ್ಕೆ ಹೋದಾಗ ಬೇಡವೆಂದು ತಲೆಯಾಡಿಸಿದರು.

ಬದಲಿಗೆ ಏನು ಹಾಕುವುದು? ಪೇಟೆಯಲ್ಲಿ ತಂದ ಕರಿ ಬಣ್ಣವನ್ನು ಒಂದು ಹಲಗೆಗೆ ಬಳಿದು ತೆಗೆದು ನೋಡಿದೆವು. ಅದೂ ಬೂದಿಬಣ್ಣ ಬಂತು. ಕೊನೆಗೆ ಸೀತಮ್ಮನವರು, “ಮಕ್ಕಳಿಗೆ ಹಚ್ಚೋ ಕಾಡಿಗೆಗಿಂತ ಕರಿ ಇದೆಯೇನ್ರೀ ಲೋಕದಲ್ಲಿ?” ಎಂದರು. ಹಲಗೆಯ ಮೂಲೆಗೆ ಅವರ ಬೆರಳಿನಿಂದಲೇ ಒತ್ತಿಸಿ ತೆಗೆದೆ. ಅದು ಮಾತ್ರ ಕಪ್ಪಾಗಿ ಉಳಿಯಿತು. ಅದು ಬಣ್ಣವಲ್ಲ, ಬರೀ ಮಸಿ. ನಾವು ಮೂವರೂ ಅಡುಗೆಮನೆಯಲ್ಲಿ ಹರಳೆಣ್ಣೆಯ ಹಣತೆಗಳನ್ನು ಸಾಲಾಗಿ ಹಚ್ಚಿ, ಮೇಲೆ ಹಿತ್ತಾಳೆಯ ತಟ್ಟೆಗಳನ್ನು ಕವುಚಿ ಮಸಿ ಹಿಡಿದೆವು. ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಕಲಸಿ ಕೊಳವೆಯ ಒಳಗೆಲ್ಲ ಬಳಿದೆ. ಮೊಳಕೈವರೆಗೆ ಕರ್ರಗಾದ ನನ್ನ ತೋಳನ್ನು ನೋಡಿ ಸೀತಮ್ಮನವರು, “ನಿನಗೆ ದೃಷ್ಟಿ ಬೀಳೋ ಭಯ ಇಲ್ಲ ಬಿಡು ಇನ್ನು” ಎಂದರು.

ಹೊಸ ಕಪ್ಪಿನೊಂದಿಗೆ ತೆಗೆದ ಮೊದಲ ಪ್ಲೇಟಿನಲ್ಲಿ ಕತ್ತಲ ಮಗ್ಗುಲು ಕತ್ತಲಾಗಿಯೇ ಇತ್ತು. ಎರಡನೆಯದರಲ್ಲಿಯೂ. ಮೇಷ್ಟ್ರು ಟೈಪು ಮಾಡಿಸಿದ್ದ ಲೇಖನವನ್ನು ಮಡಚಿ ಕಪಾಟಿನ ಮೇಲಕ್ಕೆ ಎತ್ತಿಟ್ಟರು. ಆದರೆ ದಿನವೂ ಮಧ್ಯಾಹ್ನ ನನಗಿಂತ ಮೊದಲೇ ಹಿತ್ತಲಿನಲ್ಲಿರುತ್ತಿದ್ದರು.

ಸದಸ್ಯರು ಬರುವ ಹಿಂದಿನ ದಿನ, ಉಳಿದಿದ್ದ ಪ್ಲೇಟುಗಳಲ್ಲಿ ಕೆಲವಕ್ಕೆ ಶುಕ್ರನ ಚಿತ್ರ ತೆಗೆದು ತೊಳೆದೆ. ಅವು ಒಣಗುತ್ತಿದ್ದಾಗ ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದು ನೋಡಿದೆ. ನಡುವೆ ಒಂದರಲ್ಲಿ ಅದು ಇತ್ತು.

ಮೊದಲಿನ ಬೆಳಕಿನಂತಲ್ಲ. ಅದಕ್ಕಿಂತ ಎಷ್ಟೋ ತೆಳು. ನೇರ ನೋಡಿದರೆ ಇಲ್ಲ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕತ್ತಲ ಮಗ್ಗುಲಿನ ದುಂಡನೆಯ ಅಂಚು ತೋರುತ್ತದೆ. ಅದರ ಹಿಂದಿನ ಪ್ಲೇಟಿನಲ್ಲಿ ಇಲ್ಲ, ಮುಂದಿನದರಲ್ಲಿ ಇಲ್ಲ. ಅದೇ ಪೆಟ್ಟಿಗೆ, ಅದೇ ಅಮೋನಿಯಾ, ಅದೇ ಆಕಾಶ. ಒಲೆಗೆ ನೀರು ಹಾಕಿದ್ದು ನೆನಪಿತ್ತು. ಆದರೂ ಹೋಗಿ ಬೂದಿಗೆ ಕೈಯಿಟ್ಟು ನೋಡಿದೆ. ತಣ್ಣಗಿತ್ತು. ಕೊಳವೆಯಲ್ಲಿ ಎಲ್ಲಾದರೂ ಮಸಿ ಉದುರಿದೆಯೇ ಎಂದು ಕನ್ನಡಿ ಹಿಡಿದು ನೋಡಿದೆ. ಉದುರಿರಲಿಲ್ಲ. ವಾಪಸ್ ಬಂದು ಪ್ಲೇಟು ಹಿಡಿದರೆ ಈ ಸಲ ಕಾಣಲಿಲ್ಲ. ಪುನಃ ಹಿಡಿದೆ, ಕಂಡಿತು.

ಆ ಪ್ಲೇಟನ್ನು ಏನು ಮಾಡಬೇಕೆಂದು ನನಗೆ ಅರ್ಥವಾಗಲಿಲ್ಲ. ತೋರಿಸಿದರೆ ಕೆಲಸ ಉಳಿಸಿಕೊಳ್ಳಲು ತೋರಿಸಿದಂತೆ. ತೋರಿಸದಿದ್ದರೆ, ಒಂದು ವೇಳೆ ಅದು ನಿಜವಾಗಿದ್ದರೆ? ಮೇಷ್ಟ್ರು ಒಂದು ಸಲ ಬಟ್ಟೆ ಹರಿದು ಎಳೆದದ್ದನ್ನು ನೋಡಿದ್ದೆ. ಇನ್ನೊಂದು ಸಲ ಅವರಿಗೆ ಆಸೆ ಹುಟ್ಟಿಸುವ ಧೈರ್ಯ ನನಗಿರಲಿಲ್ಲ. ಅದನ್ನು ಉಳಿದವುಗಳಿಂದ ಸ್ವಲ್ಪ ದೂರ, ಸ್ಟ್ಯಾಂಡಿನ ತುದಿಯಲ್ಲಿ ನಿಲ್ಲಿಸಿ ಮನೆಗೆ ಹೋದೆ.

ಮರುದಿನ ಬಂದ ಇಬ್ಬರಲ್ಲಿ ಹಿರಿಯರು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಈಗ ದೊಡ್ಡ ಹುದ್ದೆಯಲ್ಲಿದ್ದವರು, ಆದರೂ ಬಾಗಿಲಲ್ಲಿ ಬಗ್ಗಿ ಕಾಲು ಮುಟ್ಟಿದರು. ಇನ್ನೊಬ್ಬರು ಕಡತ ಹಿಡಿದು ಕುಳಿತರು. ಮೇಷ್ಟ್ರು ಹಳೆಯ ಪ್ಲೇಟುಗಳನ್ನು ಮೇಜಿನ ಮೇಲೆ ಹರಡಿ, ಬೆಳಕನ್ನು ತೋರಿಸಿ, “ಇದು ನನ್ನ ಕೋಟು” ಎಂದರು. ಆಮೇಲೆ ಎಲ್ಲವನ್ನೂ ಕ್ರಮವಾಗಿ ಹೇಳಿದರು. ಮರ, ಬಟ್ಟೆ, ಕಾಡಿಗೆ. ಏನನ್ನೂ ಬಿಡಲಿಲ್ಲ. ಸೀತಮ್ಮನವರ ಹೆಸರನ್ನೂ ನನ್ನ ಹೆಸರನ್ನೂ ಹೇಳಿದರು.

ಹಿರಿಯರು ತಲ್ಲಣಿಸಿದಂತೆ ಕಂಡರು. “ಇದನ್ನ ಇಷ್ಟು ವಿವರವಾಗಿ ರಿಪೋರ್ಟಲ್ಲಿ ಹಾಕಬೇಕಿಲ್ಲ ಸಾರ್. ತಾಂತ್ರಿಕ ತೊಂದರೆ ಅಂತ ಒಂದು ಸಾಲು ಸಾಕು. ಮುಂದಕ್ಕೆ ಏನಿದೆ ಅಂತ ಹೇಳಿ, ಅದರ ಮೇಲೆ ನಾವು ಬರೀತೀವಿ.”

“ಮುಂದಕ್ಕೆ ಇದೊಂದಿದೆ” ಎಂದು ಮೇಷ್ಟ್ರು ಒಳಗೆ ಹೋದರು. ಸ್ಟ್ಯಾಂಡಿನ ತುದಿಯಲ್ಲಿ ನಾನು ಬೇರೆ ಇಟ್ಟಿದ್ದ ಪ್ಲೇಟನ್ನು ತಂದು ಹಿರಿಯರ ಕೈಗೆ ಕೊಟ್ಟರು. “ಕೊಳವೆ ಸರಿಮಾಡಿದ ಮೇಲೆ ತೆಗೆದದ್ದು. ಇದು ನಮಗೆ ಅರ್ಥವಾಗಿಲ್ಲ.”

ಹಿರಿಯರು ಕಿಟಕಿಯ ಹತ್ತಿರ ಹೋಗಿ ನೋಡಿದರು. “ಏನೋ ಇದ್ದ ಹಾಗಿದೆ” ಎಂದರು. ಇನ್ನೊಬ್ಬರು ನೋಡಿ, “ನನಗೇನೂ ಕಾಣ್ತಿಲ್ಲ” ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು.

“ತೆಗೆದೋರು ನೀವಲ್ಲವಾ? ನೀವು ಹೇಳಿ. ಇದೆಯೋ ಇಲ್ಲವೋ?”

ಇದೆ ಎಂದಿದ್ದರೆ ಸಾಕಿತ್ತು. ಅವರು ಅದನ್ನೇ ಕಾಯುತ್ತಿದ್ದರು.

“ನನಗೆ ಕಾಣುತ್ತೆ ಸಾರ್” ಎಂದೆ. “ಪ್ರತಿ ಸಲ ಅಲ್ಲ. ಅದು ಶುಕ್ರನಲ್ಲಿದೆಯೋ ಪ್ಲೇಟಿನಲ್ಲಿದೆಯೋ ನನ್ನ ಕಣ್ಣಲ್ಲಿದೆಯೋ ಹೇಳೋಕೆ ನನಗೆ ಗೊತ್ತಾಗ್ತಾ ಇಲ್ಲ.”

ಕಡತದವರು ಪೆನ್ನಿನ ಮುಚ್ಚಳ ಹಾಕಿದರು. ಸೀತಮ್ಮನವರು ಉಪ್ಪಿಟ್ಟು ತಂದರು. ಮಾತು ಬೇರೆ ಕಡೆ ಹೋಯಿತು. ಅನುದಾನ ಮುಂದುವರಿಯುವುದಿಲ್ಲವೆಂಬುದು ಅವರು ಹೊರಡುವಾಗ ಹಿರಿಯರು ಮತ್ತೊಮ್ಮೆ ಕಾಲು ಮುಟ್ಟಿದ ರೀತಿಯಲ್ಲೇ ತಿಳಿಯಿತು.

ಕಾರು ಹೋದ ಮೇಲೆ ಮೇಷ್ಟ್ರು ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತರು. ನಾನು ಕೊಳವೆಯ ಬಾಯಿಗೆ ಮುಚ್ಚಳ ಹಾಕುತ್ತಿದ್ದೆ.

“ನಾನು ಇದೆ ಅನ್ನಬೇಕಿತ್ತೇನೋ ಸಾರ್.”

“ಇದೆಯಾ?”

“ಗೊತ್ತಿಲ್ಲ.”

“ಮತ್ತೆ?”

ಕೇಳಬೇಕೆಂದಿದ್ದ ಒಂದೇ ಪ್ರಶ್ನೆ ಕೇಳಿದೆ. “ನಿಮಗೆ ಎಲ್ಲಿವರೆಗೆ ಕಾಣಿಸಿತು ಸಾರ್? ಅಂಚು ಪೂರ್ತಿ ಕಾಣಿಸಿತಾ?”

“ನನಗೆ ಏನೂ ಕಾಣಿಸಲಿಲ್ಲ ಕಣಮ್ಮ.”

ನನ್ನ ಪ್ರಶ್ನೆ ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ. “ಆ ಕೊನೇ ಪ್ಲೇಟು ಸಾರ್. ನೀವು ತಂದು ಕೊಟ್ಟಿದ್ದು.”

“ಅದೇ. ಬೆಳಿಗ್ಗೆ ಎದ್ದವನೇ ನೋಡಿದೆ. ಬಹಳ ಸಲ ನೋಡಿದೆ. ನನಗೆ ಬರೀ ಕಪ್ಪು.”

“ಹಾಗಾದರೆ ಅವರ ಮುಂದೆ ಯಾಕೆ ಇಟ್ಟಿರಿ?”

“ನೀನು ಅದನ್ನ ಬೇರೆ ಎತ್ತಿಟ್ಟು ಹೋಗಿದ್ದೆಯಲ್ಲ” ಎಂದರು. “ಇಷ್ಟು ದಿನ ನನಗೆ ಕಂಡದ್ದನ್ನ ನೀನು ತೊಳೆದು ಒಣಗಿಸಿ ಕೊಟ್ಟೆ. ನಿನಗೆ ಕಂಡದ್ದನ್ನ ಒಂದು ದಿನ ನಾನು ತೆಗೆದುಕೊಂಡು ಹೋಗಿ ಕೊಟ್ಟೆ. ಅಷ್ಟೇ.”

ನಾನು ಮುಚ್ಚಳದ ತಿರುಪು ಬಿಗಿ ಮಾಡಿದೆ. ಅದು ಆಗಲೇ ಬಿಗಿಯಾಗಿತ್ತು.

ಹುಡುಗಿಯರೇ, ಆ ಪ್ಲೇಟು ದೂರದರ್ಶಕದ ಜೊತೆ ನಿಮಗೆ ಬಂದಿರುವ ಮರದ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಹಿಂದಿದೆ. ನೋಡಬೇಕೆನಿಸಿದಾಗ ಇಬ್ಬರೂ ಒಟ್ಟಿಗೆ ನೋಡಬೇಡಿ. ಒಬ್ಬರಾದ ಮೇಲೆ ಒಬ್ಬರು ನೋಡಿ, ಆಕಾಶದ ಕಡೆ ಹಿಡಿದು, ಸ್ವಲ್ಪ ಪಕ್ಕಕ್ಕೆ. ಕಂಡದ್ದನ್ನು ಇನ್ನೊಬ್ಬರು ನೋಡಿ ಮುಗಿಸುವವರೆಗೆ ಹೇಳಬೇಡಿ.